ನಡುಗೋಡೆಗೆ ಹೊಡೆಸಿದ ಹಲಗೆ

ಅಣ್ಣಾ,

ನೀನೀಗ ಎಲ್ಲಿದ್ದೀಯೋ ಗೊತ್ತಿಲ್ಲ. ಗೊತ್ತಿದ್ದರೂ ಇದನ್ನು ಕಳಿಸುತ್ತಿರಲಿಲ್ಲವೇನೋ. ಮನೆ ಪಾಲಾದಾಗ ನಾವಿಬ್ಬರೂ ನಿಂತು ಕಟ್ಟಿಸಿದ ನಡುಗೋಡೆಗೆ ಇವತ್ತು ಸದ್ದು ತಡೆಯುವ ಹಲಗೆ ಹೊಡೆಸಿದೆ. ನಿನ್ನ ಭಾಗ ಕೊಂಡವರು ಒಳ್ಳೆಯವರೇ. ಆದರೆ ಅವರು ಟಿವಿ ಹಾಕಿದರೆ ನಮ್ಮ ಅಡುಗೆಮನೆಯ ಪಾತ್ರೆಗಳು ನಡುಗುತ್ತವೆ. ಹೇಳಿ ಹೇಳಿ ಸಾಕಾಯಿತು.

ಬಡಗಿ ಗೋಡೆ ತಟ್ಟಿ ನೋಡಿ ನಕ್ಕ. "ಇಷ್ಟು ತೆಳು ಗೋಡೆನಾ ಸಾರ್? ಮೊದಲು ಆ ಕಡೆ ಯಾರಿದ್ರು?"

"ನಮ್ಮಣ್ಣ."

"ಅವರ ಸದ್ದು ಕೇಳಿಸ್ತಿರಲಿಲ್ವಾ?"

"ಎಲ್ಲಾ ಕೇಳಿಸ್ತಿತ್ತು" ಅಂದೆ. ನಿನ್ನ ಕೆಮ್ಮು, ಕುರ್ಚಿ ಎಳೆಯುವ ಸದ್ದು, ಅತ್ತಿಗೆ ತೀರಿಕೊಂಡ ಮೇಲೆ ನೀನು ರೇಡಿಯೋ ಜೊತೆ ಮಾಡುತ್ತಿದ್ದ ವಾದ. ನಮ್ಮ ಮಾತು ನಿಂತ ಮೇಲೂ ನೀನು ಎದ್ದಿದ್ದು, ಉಂಡಿದ್ದು, ಮಲಗಿದ್ದು ನನಗೆ ತಿಳಿಯುತ್ತಿತ್ತು.

ಸಂಜೆಗೆ ಕೆಲಸ ಮುಗಿಯಿತು. ಪಕ್ಕದವರಿಗೆ ಹೇಳಿ ಟಿವಿ ಜೋರಾಗಿ ಹಾಕಿಸಿದೆವು. ಏನೂ ಕೇಳಿಸಲಿಲ್ಲ. "ಅಬ್ಬ, ಇನ್ನು ನೆಮ್ಮದಿ" ಅಂದಳು ನನ್ನವಳು.

ಬಡಗಿ ಸಾಮಾನು ಚೀಲಕ್ಕೆ ತುಂಬುತ್ತಾ ಕೇಳಿದ: "ಅಷ್ಟೊಂದು ಕೇಳಿಸ್ತಿತ್ತು ಅಂದ್ರೆ, ನಿಮ್ಮಣ್ಣ ಇದ್ದಾಗಲೇ ಮಾಡಿಸಬಹುದಿತ್ತಲ್ಲ ಸಾರ್?"

"ಆಗ ಬೇಕು ಅನ್ನಿಸಲಿಲ್ಲ" ಅಂದೆ.