ಮೂವತ್ತೊಂದು ಬೆಂಕಿಪೊಟ್ಟಣಗಳು

ಥೆರ್ಮಿ, ಲೆಸ್ಬೋಸ್ ದ್ವೀಪ, ಗ್ರೀಸ್
೧೮ ನವೆಂಬರ್ ೧೯೯೮, ಬುಧವಾರ ಮಧ್ಯಾಹ್ನ

ಪ್ರೀತಿಯ ತಮ್ಮ ಇಗ್ನಾತಿಸ್‌ಗೆ ಅಕ್ಕ ಮಿರ್ಸಿನಿಯ ಮುತ್ತುಗಳು.

ನಿನ್ನ ಮಂಡಿ ನೋವು ಹೇಗಿದೆ? ಮೆಲ್ಬರ್ನ್‌ನಲ್ಲಿ ಈಗ ಬಿಸಿಲು ಏರುವ ಕಾಲವಂತೆ, ನೋವಿಗೆ ಅದು ಒಳ್ಳೆಯದೇ. ನಾನು ಕಳಿಸಿದ ಎಣ್ಣೆ ಡಬ್ಬಿ ತಲುಪಿತೇ? ಎಲ್ಲವನ್ನೂ ಅಡುಗೆಗೇ ಸುರಿಯಬೇಡ, ಬೆಚ್ಚಗೆ ಮಾಡಿ ಮಂಡಿಗೂ ತಿಕ್ಕಿಕೋ. ನಾವು ಚೆನ್ನಾಗಿದ್ದೇವೆ. ಹಣ್ಣು ಉದುರಿಸಲು ಆಲಿವ್ ಮರಗಳನ್ನು ಬಡಿದು ಬಡಿದು ಭುಜ ಹಿಡಿದುಕೊಂಡಿದೆ ಎಂದು ನಿನ್ನ ಭಾವ ದೂಕಾಸ್ ದಿನವಿಡೀ ಗೊಣಗುತ್ತಾನೆ. ಊಟಕ್ಕೆ ಕರೆದರೆ ಮಾತ್ರ ಭುಜ ತಾನೇ ಸರಿಹೋಗುತ್ತದೆ.

ನಿನ್ನ ಕಾಗದ ಬಂತು, ಜೊತೆಗಿದ್ದ ಅರ್ಜಿಯೂ ಬಂತು. ಅಪ್ಪ ಬಿಟ್ಟುಹೋದ ದೋಣಿಯ ಮೀನುಗಾರಿಕೆ ಪರವಾನಗಿಯನ್ನು ಒಪ್ಪಿಸಿ, ದೋಣಿಯನ್ನು ಅಧಿಕಾರಿಗಳ ಕಣ್ಣೆದುರೇ ಒಡೆಸಿದರೆ ಸರ್ಕಾರದ ಪರಿಹಾರ ಸಿಗುತ್ತದೆ, ತಿಂಗಳ ಕೊನೆಯೊಳಗೆ ನೀನೂ ರುಜು ಹಾಕು ಎಂದು ಬರೆದಿದ್ದೀಯ. ನಿನ್ನ ರುಜು ಎಷ್ಟು ಮುದ್ದಾಗಿದೆ! ಶಾಲೆಯಲ್ಲಿ ಹೀಗೆ ಬರೆದಿದ್ದರೆ ಮೇಷ್ಟ್ರ ಕೈಲಿ ಅಷ್ಟು ಏಟು ತಿನ್ನುತ್ತಿರಲಿಲ್ಲ. ಆದರೆ ನನ್ನ ರುಜು ನಿನಗೆ ಸಿಗುವುದಿಲ್ಲ. ಈ ತಿಂಗಳೂ ಇಲ್ಲ, ಯಾವ ತಿಂಗಳೂ ಇಲ್ಲ.

ದೋಣಿ ಒಡೆಯುವುದು ಹೇಗಿರುತ್ತದೆ ಎಂದು ನೀನು ನೋಡಿಲ್ಲ, ನಾನು ನೋಡಿದ್ದೇನೆ. ಸೆಪ್ಟೆಂಬರಿನಲ್ಲಿ ನಮ್ಮೂರ ಗ್ರಿಗೋರಿಸನ ದೋಣಿಯನ್ನು ದಡಕ್ಕೆಳೆದು, ಮಣ್ಣು ಅಗೆಯುವ ಯಂತ್ರದಿಂದ ಬೆನ್ನಿಗೇ ಗುದ್ದಿದರು. ಮೊದಲ ಏಟಿಗೆ ಅದು ಒಡೆಯಲೇ ಇಲ್ಲ. ಗ್ರಿಗೋರಿಸ್ ಶಿಲುಬೆಯ ಗುರುತು ಹಾಕಿಕೊಂಡು ತಿರುಗಿ ನಿಂತ. ಚುಕ್ಕಾಣಿಯ ಹಿಡಿಯನ್ನು ಮಾತ್ರ ಮನೆಗೆ ತಂದಿದ್ದಾನೆ, ಅದನ್ನು ಊರುಗೋಲು ಮಾಡಿಕೊಂಡು ಓಡಾಡುತ್ತಾನೆ. ಇದನ್ನು ನೆನಪಿಟ್ಟುಕೊಂಡ ದೂಕಾಸ್ ನಿನಗೆ ಹೀಗೆ ಬರೆಯಲು ಹೇಳಿದ್ದಾನೆ: "ಒಡೆಯೋರು ಬರ್ಲಿ ಕಣೇ, ನಾನು ಒಳಗೇ ಕೂತಿರ್ತೀನಿ. ನನ್ನನ್ನೂ ಸೇರಿಸಿ ಪರಿಹಾರ ಎಷ್ಟು ಅಂತ ಕೇಳು ನಿನ್ ತಮ್ಮನ್ನ."

ನಿನಗೆ ಅದು ಬರೀ ಮೀನಿನ ದೋಣಿಯೇ, ಇಗ್ನಾತಿಸ್? ಪ್ರತಿ ವರ್ಷ ಗಾಣ ನಿಂತು ಎಣ್ಣೆ ಜಾಡಿಗೆ ಬಿದ್ದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಅಮ್ಮನನ್ನೂ ಅದರಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದುದನ್ನು ಮರೆತೆಯಾ? ಒಂದು ಚೀಲ ಒಣ ರೊಟ್ಟಿ, ಒಂದು ಡಬ್ಬಿ ಚೀಸು. ಹಿತ್ತಲಿನ ನಮ್ಮ ಆಲಿವ್ ಮರದ ತಳಿ ಎಲ್ಲಿಂದ ಬಂತು ಎಂದು ಹುಡುಕುವುದೇ ಅವನ ಹುಚ್ಚು. ಆ ಹಣ್ಣಿನ ಗೊರಟೆಗೆ ಕೊಕ್ಕಿನಂಥ ಮೂತಿ, ಬಾಯಲ್ಲಿಟ್ಟರೆ ನಾಲಿಗೆಗೆ ಚುಚ್ಚುತ್ತದೆ. ಅಂಥ ಮೂತಿ ಬೇರೆಲ್ಲಿದೆ ಎಂದು ಹುಡುಕುತ್ತಾ ಖಿಯೋಸ್, ಸಾಮೋಸ್, ನಾಕ್ಸೋಸ್ ಎಲ್ಲ ಸುತ್ತಿದೆವು. ಅಪ್ಪ ಊರೂರಿನ ಹಿರಿಯರನ್ನು ಹಿಡಿದು ಕೇಳುವನು. ನಾಕ್ಸೋಸಿನವರು ಪಾರೋಸಿನಿಂದ ಬಂತು ಎಂದರೆ, ಪಾರೋಸಿನವರು ಕ್ರೀಟಿನಿಂದ ಎನ್ನುವರು. ಕ್ರೀಟಿನಲ್ಲಿ ಕೇಳಿದರೆ, "ಪ್ರಪಂಚದ ಆಲಿವ್ ಎಲ್ಲಾ ಹೋಗಿದ್ದು ನಮ್ ಮನೇ ಮುಂದಿಂದಲೇ!" ಸಿಕ್ಕ ಒಂದೊಂದು ಗೊರಟೆಯನ್ನೂ ಒಂದೊಂದು ಬೆಂಕಿಪೊಟ್ಟಣದಲ್ಲಿಟ್ಟು ಮೇಲೆ ಊರಿನ ಹೆಸರು ಬರೆಯುತ್ತಿದ್ದ. ಮೂವತ್ತೊಂದು ಪೊಟ್ಟಣಗಳೂ ಇನ್ನೂ ನನ್ನ ಬೀರುವಿನಲ್ಲಿವೆ. ಸಾಮೋಸಿನದು ಮಾತ್ರ ಖಾಲಿ. ಅದರ ಮೇಲೆ ಅಪ್ಪನ ಅಕ್ಷರದಲ್ಲಿ 'ಇಗ್ನಾತಿಸ್ ನುಂಗಿದ' ಎಂದಿದೆ.

ಆ ಕ್ರೀಟಿನ ಮುದುಕ ನೆನಪಿರಬೇಕು. ನಮ್ಮ ಗೊರಟೆಯನ್ನು ಬಾಯಿಗೆ ಹಾಕಿಕೊಂಡು, ಬೆಲ್ಲದಂತೆ ಚೀಪಿ, ಅಂಗೈಗೆ ಉಗಿದು, "ಇದು ನಮ್ದಲ್ಲ ಮಗನೇ. ನಿಮ್ಮವ್ವ ಸುಳ್ಳು ಹೇಳವ್ಳೆ" ಅಂದ. ಅಪ್ಪ ಅಂದೇ ದೋಣಿಯನ್ನು ಮನೆ ಕಡೆ ತಿರುಗಿಸಿದ. ಯಾಕೆಂದರೆ ತಳಿ ಕ್ರೀಟಿನದೇ ಎಂದು ಸಾಧಿಸುತ್ತಿದ್ದವಳು ಅಪ್ಪನ ತಾಯಿ, ನಮ್ಮಜ್ಜಿ ಎವ್ರಿಕ್ಲಿಯಾ. ಅವಳು ಹತ್ತು ವರ್ಷದವಳಿದ್ದಾಗ ೧೯೨೨ರ ಯುದ್ಧದಲ್ಲಿ ಎದುರು ದಡದ, ಟರ್ಕಿಯ ಐವಾಲಿಯಿಂದ, ಉಟ್ಟ ಬಟ್ಟೆಯಲ್ಲಿ ಓಡಿಬಂದವಳು ಎಂದು ಊರಿಗೆಲ್ಲ ಗೊತ್ತು. ಅವಳ ಅಮ್ಮ ಒದ್ದೆ ತಲೆವಸ್ತ್ರದಲ್ಲಿ ಸುತ್ತಿ ತಂದ ಕಡ್ಡಿಯನ್ನೇ ಇಲ್ಲಿ ಕಾಡು ಆಲಿವಿಗೆ ಕಸಿ ಕಟ್ಟಿದ್ದು ಎಂದೂ ಜನ ಆಡಿಕೊಳ್ಳುತ್ತಿದ್ದರು. ಆದರೂ ಅಜ್ಜಿಯ ಬಾಯಿಂದ ಆ ಊರಿನ ಹೆಸರು ಬರಲಿಲ್ಲ. ಅಡುಗೆಮನೆ ಕಿಟಕಿಯಿಂದ ಆ ದಡ ಕಾಣುತ್ತದೆಂದು ಅದಕ್ಕೆ ಬೆನ್ನು ಹಾಕಿಯೇ ಹಿಟ್ಟು ನಾದುತ್ತಿದ್ದಳು. "ಅಲ್ಲಿಗೆ ಕಾಲಿಟ್ಟೆಯೋ, ನನ್ ಹೆಣ ದಾಟ್ಕೊಂಡು ಹೋಗು" ಎಂದು ಅಪ್ಪನ ಕೈಲಿ ಆಣೆ ಹಾಕಿಸಿಕೊಂಡಳು. ಮೂವತ್ತೊಂದು ಊರು ಸುತ್ತಿದ ನಮ್ಮಪ್ಪ ಮೂರು ಗಂಟೆಯ ದಾರಿಯ ಆ ಊರಿಗೆ ಹೋಗಲಿಲ್ಲ. ಅಜ್ಜಿ ಸತ್ತ ಮೇಲೂ ಹೋಗಲಿಲ್ಲ. ಹೋದ ವರ್ಷ ಅವನೂ ತೀರಿಹೋದ.

ನಾನು ಯಾರಿಗೂ ಆಣೆ ಇಟ್ಟಿಲ್ಲ. ನಿನ್ನೆ ಪಟ್ಟಣಕ್ಕೆ ಹೋಗಿ ಬಂದರಿನ ಕಚೇರಿಯಲ್ಲಿ ಐವಾಲಿಗೆ ಹೋಗುವ ಕಾಗದಗಳಿಗೆ ಮುದ್ರೆ ಒತ್ತಿಸಿಕೊಂಡು ಬಂದೆ. ಅಲ್ಲಿದ್ದವನು, "ಈ ಹಳೇ ಮರದ ತುಂಡಲ್ಲಿ ಅಲ್ಲೀವರೆಗೂ ಹೋಗ್ತೀರಾ ತಾಯೀ?" ಎಂದು ಹುಬ್ಬೇರಿಸಿದ. "ನಿನ್ನ ವಯಸ್ಸಿಗಿಂತ ದೋಣಿಗೆ ಅನುಭವ ಜಾಸ್ತಿ" ಎಂದೆ. ಕಾಫಿ ಅಂಗಡಿಯ ಗಂಡಸರದಂತೂ ಬೆಳಿಗ್ಗೆಯಿಂದ ಅದೇ ಮಾತು. "ಏನ್ ಮಿರ್ಸಿನಿ, ಗೊರಟೆ ಆರಿಸೋಕೆ ಪರದೇಶಕ್ಕೆ ಹೊರಟ್ಯಂತೆ? ನಮ್ ಹಿತ್ಲಲ್ಲಿ ಒಂದು ರಾಶಿ ಬಿದ್ದಿದೆ, ಗುಡಿಸ್ಕೊಂಡು ಹೋಗೇ!" ನಗಲಿ. ನಾಳೆ ಗಾಳಿ ಇಲ್ಲವೆಂದು ರೇಡಿಯೋದವರು ಹೇಳಿದ್ದಾರೆ.

ನಿನ್ನ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಪ್ರೀತಿ ಅದಕ್ಕಿಂತ ಜಾಸ್ತಿ ಇರುವುದರಿಂದಲೇ ಇಷ್ಟುದ್ದ ಬರೆದೆ. ನಿನ್ನ ಹೆಂಡತಿಗೂ ಮಕ್ಕಳಿಗೂ ನನ್ನ ಮುತ್ತುಗಳು. ಕನ್ಯಾಮಾತೆ ನಿನ್ನ ಮಂಡಿಯನ್ನೂ ಬುದ್ಧಿಯನ್ನೂ ಕಾಪಾಡಲಿ.

ಮಣಿಯದ ನಿನ್ನ ಅಕ್ಕ,
ಮಿರ್ಸಿನಿ

ಮರೆತಿದ್ದು: ಲಕೋಟೆ ಮೇಲಿನ ಅಂಚೆಚೀಟಿ ನೋಡಿದೆಯಾ? ಗುರುವಾರ, ಐವಾಲಿಯ ಅಂಚೆ ಕಚೇರಿಯಲ್ಲಿ ನಿಂತೇ ಬರೆಯುತ್ತಿದ್ದೇನೆ, ದೂಕಾಸ್ ಆತುರಪಡಿಸುತ್ತಿದ್ದಾನೆ. ಅರ್ಧ ದಾರಿಯಲ್ಲಿ ಎಂಜಿನ್ ಮುನಿಸಿಕೊಂಡಿತು, ಹುಟ್ಟು ಹಾಕಿದೆವು, ದೋಣಿ ಮಾತ್ರ ಒಂದು ಹನಿ ನೀರು ಒಳಗೆ ಬಿಡಲಿಲ್ಲ. ಊರಾಚೆಯ ತೋಟದಲ್ಲಿ ಹುರಿಯೆ ಎಂಬ ಮುದುಕಿ ಸಿಕ್ಕಳು. ನಮ್ಮವರು ಇಲ್ಲಿಂದ ಓಡಿಹೋದ ಮೇಲೆ ಮುಸ್ಲಿಮರೆಂದು ಅವಳ ಮನೆಯವರನ್ನು ಕ್ರೀಟಿನಿಂದ ಎಬ್ಬಿಸಿ ಇಲ್ಲಿಗೆ ತಂದು ಹಾಕಿದರಂತೆ. ನಮ್ಮ ಗ್ರೀಕ್ ಭಾಷೆಯನ್ನು ಆ ಕ್ರೀಟಿನ ಮುದುಕನ ರಾಗದಲ್ಲೇ ಆಡುತ್ತಾಳೆ. ನಮ್ಮ ಗೊರಟೆಯನ್ನು ಚೀಪಿ ನೋಡಿ, ನನ್ನ ಕೈ ಹಿಡಿದು ಒಂದು ಮುದಿ ಮರದ ಬುಡಕ್ಕೆ ಕರೆದೊಯ್ದಳು. "ನಾವು ಬಂದಾಗ್ಲೇ ಇದು ನಿಂತಿತ್ತು ಮಗಳೇ. ನಿಮ್ದೇ. ಯಾಕಿಷ್ಟು ತಡ ಮಾಡಿದ್ರಿ?" ಎಂದಳು. ನಾನು ಅಲ್ಲೇ ಕೂತು ಅತ್ತೆ. ಆಮೇಲೆ ಅವಳು ನಮ್ಮ ಜೊತೆ ದಡದವರೆಗೂ ಬಂದು, ದೋಣಿಯನ್ನು ಸವರುತ್ತಾ, "ಕ್ರೀಟಲ್ಲಿ ನಮ್ದೂ ಒಂದು ಮರ ಇದೆ, ನನ್ನನ್ನ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದಳು. ಏಪ್ರಿಲ್‌ನಲ್ಲಿ ಎಂದು ಮಾತು ಕೊಟ್ಟಿದ್ದೇನೆ. ಇನ್ನು ದೋಣಿ ಒಡೆಯುವ ಮಾತು ಎತ್ತಬೇಡ. ಇದರ ಜೊತೆಗಿರುವ ಪೊಟ್ಟಣ ಮೂವತ್ತೆರಡನೆಯದು, ಗೊರಟೆ ಸುತ್ತಿರುವುದು ನೀನು ರುಜು ಹಾಕಿದ ಅರ್ಜಿಯ ಚೂರು. ಬಾಯಲ್ಲಿಟ್ಟು ನೋಡು, ನಾಲಿಗೆಗೆ ಚುಚ್ಚುತ್ತದೆ. ಈ ಸಲ ನುಂಗಬೇಡ.