ಮುರಿಗೊಂಬಿನ ಎತ್ತು

ಬಬಲೇಶ್ವರ
ತಾ. ೯-೮-೧೯೪೪, ಬುಧವಾರ

ಈರಯ್ಯನ ತಂದೆಯವರಿಗೆ ಕಾಶಿಬಾಯಿ ಮಾಡುವ ನಮಸ್ಕಾರಗಳು.

ಹೆಂಡತಿಯಾದವಳು ಗಂಡನಿಗೆ ಕಾಗದ ಬರೆಯುವಾಗ 'ತಮ್ಮ ಪಾದಗಳಿಗೆ' ಎಂದು ಶುರು ಮಾಡಬೇಕೆಂದು ನನ್ನ ತಾಯಿ ಕಲಿಸಿದ್ದಳು. ನಿಮ್ಮ ಪಾದಗಳಿಗೆ ಈಗ ಬೇರೆ ಕೆಲಸ ಬಹಳ ಇರುವಂತೆ ಕಾಣುತ್ತದೆ. ಆದ್ದರಿಂದ ಅವಕ್ಕೆ ನಾನು ತೊಂದರೆ ಕೊಡುವುದಿಲ್ಲ. ಇಲ್ಲಿ ನಾನು, ಮಗಳು ನೀಲಾ, ನಮ್ಮಣ್ಣ ಬಸಲಿಂಗಯ್ಯ, ಎಲ್ಲರೂ ಕ್ಷೇಮ. ಅಲ್ಲಿ ನಿಮ್ಮ ಫುಟ್‌ಬಾಲ್ ಕ್ಷೇಮವಾಗಿದೆ ಎಂದು ನಿನ್ನೆ ಬಂದ ಪತ್ರದಿಂದ ತಿಳಿಯಿತು.

ಮದುವೆಯಾದಾಗಿನಿಂದ ನನಗೆ ನೀವು ಇಷ್ಟುದ್ದ ಬರೆದದ್ದಿಲ್ಲ. ಊರು ತುಂಬ ಕಾಲರಾ, ಹೆಂಡತಿ ತವರಿನಲ್ಲಿ, ಮನುಷ್ಯನಿಗೆ ಏನೋ ಮನಸ್ಸು ಕರಗಿರಬೇಕು ಎಂದುಕೊಂಡು ದೀಪದ ಹತ್ತಿರ ಕೂತು ಓದಿದೆ. ಮೊದಲಿನಿಂದ ಕಡೆಯವರೆಗೂ ತಿಕೋಟಾದ ಪಂದ್ಯ. ನಡುವೆ ಯಾರದೋ ಮುರಿಗೊಂಬಿನ ಎತ್ತಿಗೂ ಅದರ ಮಾಲಕನಿಗೂ ಹೊಟ್ಟೆ ತುಂಬ ಬೈಗುಳ. ಕೊನೆಯ ಎರಡು ಸಾಲಿನಲ್ಲಿ ನಾನು ಮನೆಗೆ ಬರಬೇಕು ಎಂಬ ಅಪ್ಪಣೆ. ಹೆತ್ತ ಮಗನ ಹೆಸರು ಒಂದೇ ಒಂದು ಸಲ, ಅದೂ ಹೀಗೆ: 'ಈರಯ್ಯನ ಅಜಾಗರೂಕತೆಯಿಂದ ಒಂದು ಗೋಲು ಆಯಿತು.'

ಭೇಷ್. ಹುಡುಗ ಉಂಡನೇ, ಮಲಗಿದನೇ, ಮೈ ಬೆಚ್ಚಗಿದೆಯೇ ಎಂದು ಒಂದಕ್ಷರ ಇಲ್ಲ. ಗೋಲು ಆದದ್ದು ಮಾತ್ರ ಗೊತ್ತಾಯಿತು.

ನಾನು ಮನೆ ಬಿಟ್ಟು ಬಂದದ್ದೇಕೆ ಎಂಬುದು ನಿಮಗೆ ಮರೆತಿರಬಹುದು, ನೆನಪಿಸುತ್ತೇನೆ. ನಮ್ಮ ಓಣಿಯಲ್ಲಿ ಒಂದೇ ಮನೆಯಿಂದ ಎರಡು ಹೆಣ ಹೋದವು. ಗೋಳಗುಮ್ಮಟದ ಕಡೆಯವರು ಅದಾಗಲೇ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕಿದ್ದರು. ಸರಕಾರದವರು ಸಾಲೆಗಳಿಗೆಲ್ಲ ಬೀಗ ಹಾಕಿಸಿದರು. ನಾವೂ ಬಬಲೇಶ್ವರಕ್ಕೆ ಹೋಗೋಣ ಎಂದು ನಾನು ಅಂದಾಗ ಹೈಸ್ಕೂಲಿನ ಡ್ರಿಲ್ ಮಾಸ್ತರರಾದ ನೀವು ಏನಂದಿರಿ? "ನೀ ಬೇಕಾದ್ರ ಹುಡುಗೀನ್ನ ಕರಕೊಂಡು ಹೋಗು. ಈರ್‍ಯಾನ್ನ ಕಳಸಿದ್ರ ಗೋಲಿನ್ಯಾಗ ಯಾರು ನಿಂದರಬೇಕು, ನೀ ನಿಂದರ್ತಿಯೇನು?" ಬಾಡಿಗೆ ಬಂಡಿ ಹತ್ತಿದೆ. ಮಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಪ್ಪ ಹೇಳಿದರೆ ಬಾವಿಗೆ ಹಾರುವ ಹುಡುಗ ಅವನು. ನನ್ನ ಹೆದರಿಕೆಯೂ ಅದೇ.

ಈಗ ನಿಮ್ಮ 'ನಿರ್ಭಯ ಫುಟ್‌ಬಾಲ್' ವಿಚಾರಕ್ಕೆ ಬರುತ್ತೇನೆ. ಕಾಲರಾದ ಕಾಲದಲ್ಲಿ ಚೆಂಡಾಟ ಹೇಗೆ ಆಡಬೇಕೆಂದು ಇಡೀ ಮುಂಬೈ ಇಲಾಖೆಗೇ ನೀವು ದಾರಿ ತೋರಿಸುತ್ತೀರಂತೆ. ಊರೊಳಗೆ ಆಟ ಆಡಬಾರದೆಂದು ಹುಕುಂ ಆದರೆ ತಿಕೋಟಾಕ್ಕೆ ಹೋಗಿ ಆಡುವುದು, ಇದು ನಿಮ್ಮ ಮೊದಲ ಉಪಾಯ. ಬೇನೆ ವಿಜಾಪುರದಲ್ಲಿದ್ದರೆ ಅದನ್ನು ಮೆರವಣಿಗೆ ಮಾಡಿಸಿಕೊಂಡು ಇನ್ನೊಂದು ಊರಿಗೆ ಕರೆದೊಯ್ಯುವ ಬುದ್ಧಿ ನಿಮಗಲ್ಲದೆ ಯಾರಿಗೆ ಬಂದೀತು!

ಆ ದಿನ ನಮ್ಮಣ್ಣ ಬೀಜದ ಕಾಳು ತರಲು ಸವಾರಿ ಬಂಡಿ ಕಟ್ಟಿಕೊಂಡು ತಿಕೋಟಾಕ್ಕೆ ಹೋಗಿದ್ದ. ಮೈದಾನದ ಅಂಚಿನಲ್ಲಿ ಬಂಡಿ ಬಿಟ್ಟು ಎಲ್ಲ ನೋಡಿಕೊಂಡು ಬಂದ. ಅವನು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಣ್ಣ ಮಾತೇ ಆಡದ ಮನುಷ್ಯನೆಂದು ನೀವೇ ನಗೆಯಾಡುತ್ತೀರಿ. ಏನು ಮಾಡುವುದು, ನಿಮ್ಮ ಪಂದ್ಯ ಮೂಕನಿಗೂ ಬಾಯಿ ಬರಿಸುವಂಥದು.

ತಿಕೋಟಾದ ಸೀಮೆಯಲ್ಲಿ ತಳವಾರ ಅಡ್ಡ ಕೋಲು ಹಿಡಿದು ನಿಂತಿದ್ದನಂತೆ. "ವಿಜಾಪುರದವ್ರನ್ನ ಒಳಗ ಬಿಡಬ್ಯಾಡ ಅಂತ ಗೌಡ್ರು ಹೇಳ್ಯಾರ್ರಿ" ಎಂದನಂತೆ. ನೀವು ಹಣೆಯ ವಿಭೂತಿ ತೋರಿಸಿ, "ನಾ ವಿಜಾಪುರದವ ಅಲ್ಲೋ, ನಾ ಅಯ್ಯ, ಜಂಗಮ" ಎಂದಿರಂತೆ. ಅವನು ಪಾಪ, ಕೋಲು ಬದಿಗಿಟ್ಟು ಕಾಲಿಗೆ ಬಿದ್ದ. ಅಯ್ಯನ ಬೆನ್ನ ಹಿಂದೆ ಹುಡುಗರ ತಂಡವೂ ನಡೆಯಿತು. ಕಾಲರಾ ಜಾತಿ ಕೇಳಿ ದಾರಿ ಬಿಡುತ್ತದೆ ಎಂದು ಯಾವ ಡಾಕ್ಟರು ನಿಮಗೆ ಹೇಳಿದರು?

ನಿಮ್ಮ ನಿಯಮಗಳನ್ನು ಕೇಳಿ ಇಲ್ಲಿಯ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕ್ಯಾಪ್ಟನ್‌ಗಳು ಕೈ ಕುಲುಕದೆ ದೂರದಿಂದ ನಮಸ್ಕಾರ ಮಾಡಬೇಕು. ಹುಡುಗರು ಒಬ್ಬರನ್ನೊಬ್ಬರು ಮುಟ್ಟದೆ ದೂರ ನಿಲ್ಲಬೇಕು. ಯಾರೂ ಉಗುಳಬಾರದು. ಹೀಗೆ ಹೇಳಿದ ನಿಮ್ಮ ದವಡೆಯಲ್ಲಿ ಎಲೆಅಡಿಕೆ ಇತ್ತು. ಪ್ರತಿಯೊಬ್ಬನೂ ಮನೆಯಲ್ಲಿ ಕುದಿಸಿದ ನೀರನ್ನು ತನ್ನದೇ ತಂಬಿಗೆಯಲ್ಲಿ ತರಬೇಕು, ಬೇರೆ ನೀರು ತುಟಿಗೆ ಸೋಕಬಾರದು. ಇದೊಂದು ನಿಯಮ ಒಳ್ಳೆಯದು, ಒಪ್ಪಿಕೊಳ್ಳುತ್ತೇನೆ. ಚೆಂಡನ್ನು ಬಾವಿಗೆ ಹಾಕುವ ಕೆಂಪು ಔಷಧದಲ್ಲಿ ಅದ್ದಿ ತೆಗೆಯಬೇಕು. ಗೋಲಿನಲ್ಲಿ ನಿಂತವನು ಚೆಂಡು ಕೈಯಲ್ಲಿ ಹಿಡಿಯುತ್ತಾನಲ್ಲ, ಅವನು ಪ್ರತಿ ಸಲವೂ ಕಂಬದ ಬುಡದ ಬಕೀಟಿನಲ್ಲಿ ಕೈ ತೊಳೆಯಬೇಕು.

ತೊಳೆದ. ನಿಮ್ಮ ಮಗ ತೊಳೆದ. ಚೆಂಡು ಹಿಡಿದು ಒದ್ದು ಕಳಿಸಿ, ಬಕೀಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಣ್ಣವನಿದ್ದಾಗ ನಾನು ಕಲಿಸಿದ ಹಾಗೆ ಮೊಣಕೈವರೆಗೂ ತೊಳೆಯುತ್ತಿದ್ದಾಗ ತಿಕೋಟಾದವರು ಚೆಂಡು ತಿರುಗಿಸಿ ತಂದು ಖಾಲಿ ಗೋಲಿನೊಳಗೆ ಉರುಳಿಸಿದರು. ಎರಡೂ ಕಡೆಯ ಜನ ಬಿದ್ದು ಬಿದ್ದು ನಕ್ಕರು. ಆಗ ನೀವು ಗೆರೆಯ ಆಚೆಯಿಂದ, "ಲೇ ಈರ್‍ಯಾ, ಕಣ್ಣು ಎಲ್ಲಿಟ್ಟಿದ್ದೀಲೇ?" ಎಂದು ಒದರಿದಿರಿ. ಅವನು ಒದ್ದೆ ಕೈ ಎತ್ತಿ ತೋರಿಸಿದ. ಅವನ ಅಂಗಿಯ ಮೇಲಿನ ಗುಂಡಿ ಹೋಗಿದೆ, ಗಲ್ಲ ಒಳಕ್ಕೆ ಹೋಗಿವೆ. ಇದೆಲ್ಲ ಅಣ್ಣ ಹೇಳಿದ್ದು. ನಿಮ್ಮ ನಿಯಮ ಪಾಲಿಸಿದವನು ಆ ಮೈದಾನದಲ್ಲಿ ಅವನೊಬ್ಬನೇ, ಬೈಸಿಕೊಂಡವನೂ ಅವನೊಬ್ಬನೇ.

ಆದರೆ ನನ್ನ ಹೊಟ್ಟೆ ಉರಿದದ್ದು ಗೋಲಿಗಲ್ಲ. ಅದಕ್ಕೂ ಮೊದಲು, ಸೀಟಿ ಊದುವ ಮುಂಚೆ ಆದದ್ದಕ್ಕೆ. ನೀವು ಅದನ್ನು 'ಒಂದು ಭಕ್ತಿಯ ಪ್ರಸಂಗ' ಎಂದು ಬರೆದಿದ್ದೀರಿ. ನಾನು ಅದರ ಹೆಸರನ್ನು ಬೇರೆಯಾಗಿ ಹೇಳುತ್ತೇನೆ.

ಊರಿನ ಗುರುಬಸವ್ವ ಎಂಬ ಮುದುಕಿ ತಲೆಯ ಮೇಲೆ ಕೊಡ, ಬಗಲಲ್ಲಿ ಹಿತ್ತಾಳೆ ತಾಟು ಹಿಡಿದು ಬಂದಳು. "ಯಪ್ಪಾ, ಶ್ರಾವಣ ಸ್ವಾಮಾರ ಅಯ್ಯನೋರು ನಮ್ಮೂರಿಗಿ ಬಂದಾರ. ಪಾದಾ ತೊಳೀದ ಹ್ಯಾಂಗ ಕಳಸಲ್ರಿ?" ಎಂದಳು. ಹಳ್ಳದ ಉಸುಕಿನಲ್ಲಿ ತೋಡಿದ ವರತೆಯ ಸಿಹಿನೀರು ಎಂದು ಅವಳೇ ಹೇಳಿದಳು. ನೀವು ಕೂಡಲೇ ಪಂಪ್ ಷೂ ಕಳಚಿ, ಧೋತರ ಎತ್ತಿ, ತಾಟಿನಲ್ಲಿ ಕಾಲಿಟ್ಟಿರಿ. ಅವಳು ತೊಳೆದಳು. ಆಮೇಲೆ ಆ ತಾಟಿನ ನೀರನ್ನು ತೀರ್ಥದಂತೆ ಕುಡಿಯಲು ಎರಡೂ ತಂಡದ ಹುಡುಗರನ್ನು ಸಾಲಾಗಿ ನಿಲ್ಲಿಸಿದಿರಿ. ನಿಮ್ಮ ಕ್ಯಾಪ್ಟನ್ ಗುರಣ್ಣ, ಬುದ್ಧಿಯಿದ್ದ ಹುಡುಗ, ಕೇಳಿಯೇ ಕೇಳಿದ: "ಸರ್, ಕುದಿಸಿದ ನೀರ ಬಿಟ್ಟು ಬ್ಯಾರೆ ಮುಟ್ಟಬ್ಯಾಡ್ರಿ ಅಂತ ನೀವ ಹೇಳಿದ್ರೆಲ್ಲರಿ?" ಅದಕ್ಕೆ ನೀವು ಕಣ್ಣು ಕೆಂಪಗೆ ಮಾಡಿ, "ಅದು ನೀರಲ್ಲಲೇ, ಪಾದೋದಕ" ಎಂದಿರಿ.

ಎರಡೂ ಕಡೆಯ ಹುಡುಗರು. ಯಾರ ಮಕ್ಕಳೋ. ಮೂರನೆಯವನಾಗಿ ನನ್ನ ಮಗ.

ನಾನೂ ಅಯ್ಯನ ಮಗಳೇ. ಪಾದೋದಕ ಎಂದರೇನು ಎಂದು ನಿಮ್ಮಿಂದ ಕಲಿಯಬೇಕಾಗಿಲ್ಲ. ನಮ್ಮಪ್ಪ ಇದ್ದಾಗ ಈ ಊರಿನ ಅರ್ಧ ಜನ ಅವನ ಪಾದ ತೊಳೆದು ತೆಗೆದುಕೊಳ್ಳದೆ ತುತ್ತು ಎತ್ತುತ್ತಿರಲಿಲ್ಲ. ನಾನು ಸಣ್ಣವಳಿದ್ದಾಗ ಇದೇ ಬೇನೆ ಬಂದಿತ್ತು. ಆಗ ಅಪ್ಪ ಜಗುಲಿಯ ಮೇಲೆ ನಿಂತು, ಬಂದ ಭಕ್ತರಿಗೆಲ್ಲ ದೂರದಿಂದಲೇ ಕೈ ಮುಗಿದು, "ಈ ವರ್ಷ ನನ್ನ ಪಾದಕ್ಕ ರಜಾ ಕೊಡ್ರೆಪಾ. ನೀವು ಉಳಕೊಳ್ರಿ, ಮುಂದಿನ ವರ್ಷ ತೊಳ್ಯಾಕ ಬರ್ರಿ" ಎಂದು ತಿರುಗಿ ಕಳಿಸಿದ. ಅವನ ಪಾದ ಅದರಿಂದ ಸಣ್ಣದಾಗಲಿಲ್ಲ. ನೀವು ಅದೇ ಮಾತನ್ನು ಗುರುಬಸವ್ವನಿಗೆ ಹೇಳಿದ್ದರೆ ಅವಳು ನಮಸ್ಕಾರ ಮಾಡಿ ಮನೆಗೆ ಹೋಗುತ್ತಿದ್ದಳು. ಆದರೆ ಅಷ್ಟು ಜನರ ಮುಂದೆ ಕಾಲು ತೊಳೆಸಿಕೊಳ್ಳುವ ಸುಖ ನಿಮಗೆ ಬಿಡಲಾಗಲಿಲ್ಲ. ಚೆಂಡಿಗೆ ಔಷಧ, ಕೈಗೆ ಔಷಧ, ಹೊಟ್ಟೆಗೆ ಮಾತ್ರ ಹಳ್ಳದ ವರತೆ! ಇಂಥ ಜಾಣತನವನ್ನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಬೇಕು, ನಿಮ್ಮ ಶೀಲ್ಡಿನ ಪಕ್ಕದಲ್ಲಿ.

ಮುಂದಿನದನ್ನು ನೀವೇ ಬರೆದಿದ್ದೀರಿ. ಗುರಣ್ಣ ಬೊಗಸೆ ಚಾಚಿದ್ದ, ಅಷ್ಟರಲ್ಲಿ ಎಲ್ಲಿಂದಲೋ ಎರಡು ಎತ್ತು ಹುಚ್ಚು ಹಿಡಿದಂತೆ ನುಗ್ಗಿದವು. ಒಂದಕ್ಕೆ ಎಡಗೊಂಬು ಮುರಿದಿತ್ತು. ಕೊಡ ಒಡೆಯಿತು, ತಾಟು ಉರುಳಿತು, ಒಬ್ಬನ ತುಟಿಗೂ ಹನಿ ತಾಕಲಿಲ್ಲ. ಒಬ್ಬರನ್ನೊಬ್ಬರು ಮುಟ್ಟದೆ ದೂರ ನಿಲ್ಲಬೇಕೆಂಬ ನಿಮ್ಮ ನಿಯಮ ಅದೊಂದು ಗಳಿಗೆ ಸರಿಯಾಗಿ ಪಾಲನೆಯಾಯಿತು. ಎಲ್ಲರಿಗಿಂತ ದೂರ ಹೋದವರು ನೀವು, ಒಂದು ಕಾಲಿನಲ್ಲಿ ಷೂ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಓಡುವಾಗ ಹಿಂದೆ ತಿರುಗಿ ಮಗ ಎಲ್ಲಿ ಎಂದು ನೋಡಲಿಲ್ಲ. ಅವನು ಮುದುಕಿಯ ರಟ್ಟೆ ಹಿಡಿದು ಬದಿಗೆ ಎಳೆದುಕೊಂಡು ನಿಂತಿದ್ದ. ಅದನ್ನು ನೀವು ಕಂಡಿಲ್ಲ, ಅದಕ್ಕೇ ಬರೆದೂ ಇಲ್ಲ.

ಆ ಎತ್ತಿನವನನ್ನು ಹುಡುಕಿಸಿ ಫೌಜದಾರರಿಗೆ ಹಿಡಿದು ಕೊಡುತ್ತೀರಂತೆ. ಪಾದೋದಕಕ್ಕೆ ಅಪಚಾರ ಮಾಡಿದವನ ವಂಶ ನಿರ್ವಂಶವಾಗಲಿ ಎಂದು ಅಯ್ಯನಾಗಿ ಶಾಪವನ್ನೂ ಹಾಕಿದ್ದೀರಿ. ಪತ್ರದಲ್ಲಿ ಆ ಒಂದು ಸಾಲನ್ನು ಮಾತ್ರ ಒತ್ತಿ ಬರೆದಿದ್ದೀರಿ, ಹಾಳೆ ಹರಿದಿದೆ.

ಈಗ ನಿಮಗೆ ಗೊತ್ತಿಲ್ಲದ ಒಂದು ಸುದ್ದಿ ಹೇಳುತ್ತೇನೆ. ಗುರುಬಸವ್ವ ಶುಕ್ರವಾರ ಲಿಂಗೈಕ್ಯಳಾದಳು. ಗುರುವಾರ ಸಂಜೆ ವಾಂತಿ ಶುರುವಾಯಿತಂತೆ, ಬೆಳಗಾಗುವಷ್ಟರಲ್ಲಿ ಮುಗಿಯಿತು. ಅವಳ ಮನೆಯವರೂ ಅದೇ ವರತೆಯ ನೀರು ಕುಡಿಯುತ್ತಿದ್ದರು, ಸೊಸೆ ಇನ್ನೂ ಹಾಸಿಗೆಯಲ್ಲಿದ್ದಾಳೆ. ಈಗ ತಿಕೋಟಾದವರು ಆ ವರತೆಗೆ ಮುಳ್ಳು ಹಚ್ಚಿದ್ದಾರೆ. ಆ ಮುದುಕಿಯ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ತನ್ನಲ್ಲಿದ್ದ ಒಳ್ಳೆಯ ನೀರನ್ನೇ ತಲೆಯ ಮೇಲೆ ಹೊತ್ತು ತಂದಳು. ಅವಳಿಗಾಗಿ ಅತ್ತಿದ್ದೇನೆ. ನಿಮ್ಮ ಕಾಗದಕ್ಕೆ ಅಳು ಬರಲಿಲ್ಲ, ಓಕರಿಕೆ ಬಂತು.

ಅಷ್ಟಾದರೂ ನಿಮಗೆ ಸಾಕಾಗಿಲ್ಲ. ತಿಕೋಟಾದ ಸೋಲಿನ ಸೇಡು ತೀರಿಸಿಕೊಳ್ಳಲು ಬರುವ ಸೋಮವಾರ ಬಬಲೇಶ್ವರದಲ್ಲಿ ಮರುಪಂದ್ಯ ಇಟ್ಟುಕೊಳ್ಳುತ್ತೀರಂತೆ, ನಮ್ಮಣ್ಣ ಮೈದಾನ ಹಸನು ಮಾಡಿಸಿ ಕೊಡಬೇಕಂತೆ. ಕೇಳಿರಿ. ಇಲ್ಲಿಯ ಸೀಮೆಯಲ್ಲೂ ತಳವಾರ ನಿಂತಿದ್ದಾನೆ. ಬರುವವನು ಅಯ್ಯನಾಗಲಿ, ಅರಸನಾಗಲಿ, ಕೋಲು ಬದಿಗಿಡಬಾರದೆಂದು ನಾನೇ ಹೋಗಿ ಹೇಳಿ ಬಂದಿದ್ದೇನೆ. ಹಣೆಯ ವಿಭೂತಿ ತೋರಿಸುವ ಶ್ರಮ ತೆಗೆದುಕೊಳ್ಳಬೇಡಿ.

ಈ ಕಾಗದ ತಂದವನು ನಮ್ಮಣ್ಣನ ಆಳು ಗೊಲ್ಲಾಳಪ್ಪ. ಬಂಡಿ ನಿಮ್ಮ ಬಾಗಿಲಲ್ಲೇ ನಿಂತಿರುತ್ತದೆ. ಈರಯ್ಯನನ್ನು ಅದರಲ್ಲಿ ಕೂಡಿಸಿ ಕಳಿಸಿ. ಸೀಮೆಯ ಹೊರಗೆ ನಮ್ಮ ಹೊಲದಲ್ಲಿ ಅವನಿಗೊಂದು ಗುಡಿಸಲು ಹಾಕಿಸಿದ್ದೇನೆ. ಊರಿನವರು ಸಾಕು ಎನ್ನುವವರೆಗೆ ಅಲ್ಲಿರುತ್ತಾನೆ, ನಾನೂ ಅಲ್ಲೇ ಇರುತ್ತೇನೆ. ಗೋಲಿನಲ್ಲಿ ಯಾರು ನಿಲ್ಲಬೇಕು ಎಂದು ಕೇಳುತ್ತೀರಿ. ನೀವೇ ನಿಲ್ಲಿ. ಬಕೀಟು ಹೇಗೂ ಅಲ್ಲಿದೆ. ನಾನು ಮನೆಗೆ ಬರುವ ಮಾತು ಆಮೇಲೆ. ಆ ಮಾತು ಎತ್ತುವಾಗ ಮಗನ ಹೆಸರಿನಿಂದ ಶುರು ಮಾಡಿ, ಗೋಲಿನಿಂದಲ್ಲ.

ನೀರು ಕುದಿಸಿ ಕುಡಿಯಿರಿ. ನಿಮ್ಮ ಮೇಲೆ ಎಷ್ಟೇ ತಾತ್ಸಾರವಿದ್ದರೂ ಇಷ್ಟು ಹೇಳದೆ ಇರಲಾರೆ.

ಇಂತಿ,
ಈರಯ್ಯನ ತಾಯಿ
ಕಾಶಿಬಾಯಿ

ತಾ.ಕ.: ಹುಡುಗನನ್ನು ಬಂಡಿ ಹತ್ತಿಸುವಾಗ ಎತ್ತುಗಳನ್ನು ನೋಡುತ್ತೀರಿ. ಅಣ್ಣ ಬೇಸಿಗೆಯಲ್ಲಿ ಕೊಂಡ ಜೋಡಿ ಇದು, ನಮ್ಮ ಮನೆಯಲ್ಲಿ ನೀವು ಕಂಡಿರಲಿಲ್ಲ. ಎಡಗೊಂಬು ಮುರಿದದ್ದು ಬಲು ಸಾಧು, ತಾನಾಗಿ ಯಾರ ಮೇಲೂ ನುಗ್ಗುವುದಲ್ಲ. ಅಂದು ಅಣ್ಣ ಬೀಜದ ಅಂಗಡಿಯಲ್ಲಿದ್ದ, ಅವನು ಏನನ್ನೂ ನೋಡಿಲ್ಲ. ಮಗನ ಮುಖ ಒಮ್ಮೆ ಕಂಡು ಬರೋಣವೆಂದು ಸವಾರಿ ಬಂಡಿಯ ಪರದೆಯ ಹಿಂದೆ ಕೂತಿದ್ದವಳು ನಾನು. ಇಳಿದು ಎತ್ತುಗಳ ಹಗ್ಗ ಬಿಚ್ಚಿ, ಬಾರುಕೋಲಿನಿಂದ ಬಾರಿಸಿ ಅಟ್ಟಿದವಳೂ ನಾನೇ. ಫೌಜದಾರರಿಗೆ ಬೇಕಾದರೆ ಹೇಳಿ. ಶಾಪವನ್ನು ಮಾತ್ರ ಇವತ್ತೇ ಹಿಂದಕ್ಕೆ ತೆಗೆದುಕೊಳ್ಳಿ. ನಿರ್ವಂಶವಾಗಲಿ ಎಂದಿರಲ್ಲ, ಆ ವಂಶ ನಿಮ್ಮ ಗೋಲಿನಲ್ಲಿ ಕೈ ತೊಳೆಯುತ್ತಾ ಕೂತಿತ್ತು.