ಪಕ್ಕದ ಕುರ್ಚಿಯಲ್ಲಿದ್ದವನನ್ನು ಕೇಳಿ

ಮಿದುಳು ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನನ್ನ ತಮ್ಮನ ಮಿದುಳಿನಿಂದ ಗಡ್ಡೆ ತೆಗೆಯುವ ಮೊದಲು, ಅವನಲ್ಲಿ ಮುಖ್ಯವಾಗಿ ಏನನ್ನು ಉಳಿಸಬೇಕು ಎಂದು ನಿಮ್ಮ ವಿಭಾಗ ನನ್ನನ್ನು ಕೇಳಿತು. ಅವನನ್ನು ಕೇಳಲಿಲ್ಲ. ಅವನು ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ನೀವು ಕೇಳಿದ್ದು ತಪ್ಪಾದರೆ ನಾನು ಉತ್ತರಿಸಿದ್ದೂ ತಪ್ಪೇ. ಆದ್ದರಿಂದ ಈ ಪತ್ರದಲ್ಲಿ ಕಟುವಾದದ್ದೇನಾದರೂ ಕಂಡರೆ ಅದರಲ್ಲಿ ಅರ್ಧ ಪಾಲು ನನ್ನದೆಂದು ತಿಳಿದು ಓದಬೇಕು.

ಈಚೆಗೆ ಪತ್ರಿಕೆಯಲ್ಲಿ ನಿಮ್ಮ ಸಂದರ್ಶನ ಓದಿದೆ. ಈ ಪತ್ರವನ್ನೂ ಅದೇ ಪತ್ರಿಕೆಗೆ ಕಳಿಸುತ್ತಿದ್ದೇನೆ. ಈ ರೋಗದ ಚಿಕಿತ್ಸೆ ಎಷ್ಟು ಮುಂದುವರಿದಿದೆ ಎಂದು ನೀವು ಹೇಳಿದ್ದೆಲ್ಲ ನಿಜ. ತಮ್ಮನಿಗೆ ಮೊದಲೇ ಒಂದು ದ್ರವ ಕುಡಿಸಿ, ನೀಲಿ ಬೆಳಕಿನಲ್ಲಿ ಗಡ್ಡೆ ಕೆಂಡದ ಹಾಗೆ ಹೊಳೆಯುವಂತೆ ಮಾಡಿದಿರಿ. ತಲೆ ತೆರೆದ ಮೇಲೆ ಅವನನ್ನು ಎಚ್ಚರಿಸಿ, ಚಿತ್ರ ತೋರಿಸಿ ಹೆಸರು ಹೇಳಿಸುತ್ತ, ಮಾತು ತೊದಲಿದ ಕಡೆ ಕೈ ತಡೆದಿರಿ. ತೆಗೆದ ಚೂರಿನ ವಂಶವಾಹಿಗಳನ್ನು ಪರೀಕ್ಷಿಸಿ, ಅದು ಯಾವ ಔಷಧಿಗೆ ಬಗ್ಗೀತು ಎಂದು ನೋಡಿದಿರಿ. ಇಷ್ಟಾದರೂ ಈ ಜಾತಿಯ ಗಡ್ಡೆ ಮರಳಿ ಬರುತ್ತದೆ ಎಂಬುದನ್ನು ನಮ್ಮಿಂದ ಮುಚ್ಚಿಡಲಿಲ್ಲ. ಇದಕ್ಕೆಲ್ಲ ಕೃತಜ್ಞಳು. ಆದರೆ ಸಂದರ್ಶನದಲ್ಲಿ ನೀವು 'ಮಾತು ಪೂರ್ತಿ ಉಳಿದ ಒಬ್ಬ ದರ್ಜಿ' ಎಂದಿರಲ್ಲ, ಅವನೇ ನನ್ನ ತಮ್ಮ. ಮಾತು ಪೂರ್ತಿ ಉಳಿದಿದೆ. ಉಳಿದ ಮಾತಿನಲ್ಲಿ ಅವನು ಏನು ಹೇಳುತ್ತಾನೆ ಎಂದು ಯಾರಾದರೂ ವಿಚಾರಿಸಿದಿರಾ?

ನನ್ನನ್ನು ಕೇಳಿದ ಆ ದಿನ ನಡೆದದ್ದು ಇಷ್ಟು. ನಿಮ್ಮ ಸ್ಪೀಚ್ ಥೆರಪಿಸ್ಟ್ ಮೇಜಿನ ಮೇಲೆ ಚಿತ್ರಗಳನ್ನು ಹರಡಿದರು. ಕೊಡೆ, ಲೋಟ, ಹಕ್ಕಿ. ನಾನು ಕನ್ನಡಕ ಹಾಕಿ ಪುಸ್ತಕ ಹಿಡಿದಿದ್ದೆ. ಅದೇ ಕಾರಣವಿರಬೇಕು, ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿಕೊಂಡರು.

"ಮೇಡಂ, ಇವ್ರಿಗೆ ತುಂಬಾ ಮುಖ್ಯ ಅನ್ನಿಸೋದು ಯಾವುದು? ಆಪರೇಶನ್ ಮಾಡುವಾಗ ಅದನ್ನೇ ಮತ್ತೆ ಮತ್ತೆ ಪರೀಕ್ಷೆ ಮಾಡ್ತೀವಿ."

"ಮಾತು," ಎಂದೆ. "ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ. ಮಾತೊಂದು ಉಳಿಸ್ಕೊಡಿ."

ನನ್ನ ತಮ್ಮ ಆಕೆಯ ಬಿಳಿ ಕೋಟನ್ನೇ ನೋಡುತ್ತಿದ್ದ. "ನಿಮ್ಮ ಜೇಬು ಎಡಕ್ಕೆ ವಾಲಿದೆ," ಎಂದ.

"ಸುಮ್ನಿರೋ," ಎಂದೆ.

"ಹೂಂ," ಎಂದ.

ಆ ಜೇಬಿನ ಮಾತಿನಲ್ಲೇ ಪ್ರಶ್ನೆಗೆ ಉತ್ತರ ಬಂದಿತ್ತು. ಅದು ಉತ್ತರವೆಂದು ಆಕೆಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆಕೆಗೆ ಅವನು ಹೊಸಬ. ನನಗೆ?

ಗಿರಾಕಿಗಳು ಅವನಿಗಿಟ್ಟ ಹೆಸರು ಹೂಂ ಟೈಲರ್. ಬಂದವರು ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣಳತೆಯಲ್ಲೇ ಭುಜ ಅಳೆದು ಮುಗಿಸಿ, ಅವರು ಹೇಳಿದ್ದಕ್ಕೆಲ್ಲ ಹೂಂ ಎಂದು ಕಳಿಸುವವನು. ಇಂಥವನಿಗೆ ನಾನು ಆರಿಸಿಕೊಟ್ಟದ್ದು ಮಾತು! ಬೋಳುತಲೆಯವನಿಗೆ ಬಾಚಣಿಗೆ ಉಡುಗೊರೆ.

ಗಾಯ ಮಾಗಿದ ಮೇಲೆ ಅವನು ಮೊದಲು ಕತ್ತರಿಸಿದ್ದು ನನ್ನ ಅಂಗಿಯ ಬಟ್ಟೆಯನ್ನು. ತೋಳುಗಳನ್ನು ಒಂದೊಂದಾಗಿ ಕತ್ತರಿಸುವಾಗ ಎರಡನೆಯದಕ್ಕೆ ನಮೂನೆಯ ಕಾಗದವನ್ನು ಮಗುಚಿ ಇಡಬೇಕು. ಇಲ್ಲವಾದರೆ ಎರಡೂ ಒಂದೇ ಕೈಯ ತೋಳಾಗುತ್ತವೆ. ಕೆಲಸ ಕಲಿಯಲು ಬಂದವರು ಮಾಡುವ ತಪ್ಪದು. ತೊಟ್ಟು ನೋಡಿದೆ. ಬಲ ಕಂಕುಳಲ್ಲಿ ಬಿಗಿಯಿತು.

"ಎರಡೂ ಎಡತೋಳೇ ಹೊಲಿದಿದ್ದೀಯಲ್ಲೋ, ನನಗೇನು ಎರಡು ಎಡಗೈ ಇದೆಯಾ?" ಎಂದು ನಕ್ಕೆ.

ಅವನೂ ನಕ್ಕ. "ಎಡಗೈ ಯಾವುದು, ಅಕ್ಕಾ?" ಎಂದ.

ತಮಾಷೆಯೆಂದುಕೊಂಡು ಇನ್ನೂ ಜೋರಾಗಿ ನಕ್ಕೆ.

"ನಿಜವಾಗ್ಲೂ ಹೇಳಕ್ಕ. ಟೇಪು ಹಿಡಿದ್ರೆ ಅಂಕಿ ಕಾಣುತ್ತೆ, ಅದು ಎಷ್ಟು ಅಂತ ಹೊಳೆಯಲ್ಲ. ಎಡ ಬಲ ಅಂತೀರಿ, ಎರಡೂ ಒಂದೇ ಥರ ಕೇಳಿಸುತ್ತೆ."

ಒಂದಕ್ಷರವೂ ತೊದಲಲಿಲ್ಲ. ನಿಮ್ಮ ಸಾಧನೆಗೆ ಇದಕ್ಕಿಂತ ಸ್ಪಷ್ಟ ಉಚ್ಚಾರಣೆಯ ಪ್ರಮಾಣಪತ್ರ ಬೇಕೆ? ಕತ್ತರಿಯನ್ನು ಅವನು ಡಬ್ಬಿಯೊಳಗಿಟ್ಟು ಮುಚ್ಚಿದ. ಅಂಗಡಿ ಮಾತ್ರ ದಿನವೂ ತೆರೆಯುತ್ತಾನೆ. ಬಂದವರೊಡನೆ ಈಗ ಮಾತಾಡುತ್ತಾನೆ. ಬೇರೆ ಏನು ಮಾಡಿಯಾನು?

ನಾನು ಓದುವುದೆಲ್ಲ ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳು. ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವಾಗ ಏನೇನು ಸೋರಿಹೋಗುತ್ತದೆ ಎಂದು ಗೊಣಗಿಕೊಂಡೇ ಓದುತ್ತೇನೆ. ಆದರೆ ಅನುವಾದಕರು ಕೊನೆಯಪಕ್ಷ ಮೂಲವನ್ನು ಓದಿರುತ್ತಾರೆ. ನನ್ನ ಮೂಲ ಪಕ್ಕದಲ್ಲೇ ಕೂತು ಬಾಯಿ ತೆರೆದಾಗ ನಾನು ಸುಮ್ಮನಿರಿಸಿದೆ. ಮಾತಿಲ್ಲದೆ ಬದುಕಲಾರದವಳು ನಾನು. ಅವನ ಹೆಸರಿನಲ್ಲಿ ಕೇಳಿದ್ದು ನನ್ನ ಬಯಕೆಯನ್ನೇ.

ನೀವು ಹೇಳಬಹುದು: ಅವನನ್ನೇ ಕೇಳಿದ್ದರೂ ಅಳತೆಯ ಅರಿವು ಉಳಿಯುತ್ತಿತ್ತೆಂದು ಏನು ಖಾತ್ರಿ? ಖಾತ್ರಿಯಿಲ್ಲ. ಮಿದುಳಿನಲ್ಲಿ ಆ ಅರಿವಿರುವ ಜಾಗವನ್ನು ಮುಟ್ಟದೆ ಬಿಡಲು ಗಡ್ಡೆಯ ಒಂದು ಚೂರನ್ನೂ ಬಿಡಬೇಕಾಗಿತ್ತೇನೋ, ಆಗ ಅವನ ಆಯುಸ್ಸು ಇನ್ನಷ್ಟು ಮೊಟಕಾಗುತ್ತಿತ್ತೇನೋ. ಒಪ್ಪಿದೆ. ಆದರೆ ಎಷ್ಟು ಆಯುಸ್ಸಿಗೆ ಎಷ್ಟು ತನ್ನತನ ಬಿಟ್ಟುಕೊಡಬೇಕು ಎಂಬ ಲೆಕ್ಕ ಯಾರದು? ಒಂದು ಅಂಗಿಗೇ ಅಳೆದೂ ಸುರಿದೂ ನೋಡುತ್ತೇವೆ. ತೊಡುವವನನ್ನು ನಿಲ್ಲಿಸದೆ, ಅವನ ಅಕ್ಕನನ್ನು ನಿಲ್ಲಿಸಿ ಅಳತೆ ತೆಗೆದುಕೊಳ್ಳುವ ದರ್ಜಿಯನ್ನು ಎಲ್ಲಾದರೂ ಕಂಡಿದ್ದೀರಾ?

ಗಡ್ಡೆ ಮರಳಿ ಬಂದಿದೆ. ಮುಂದಿನ ವಾರ ಮತ್ತೆ ಶಸ್ತ್ರಚಿಕಿತ್ಸೆ. ನಿಮ್ಮ ವಿಭಾಗದಿಂದ ನನಗೇ ಕರೆ ಬಂತು: "ಮೇಡಂ, ಹೋದ ಸಲ ಹೇಳಿದ್ದೇ ಇರ್ಲಾ?"

ಇರಬಾರದು. ಇದೇ ನನ್ನ ಬೇಡಿಕೆ. ನಿಮ್ಮ ಪದ್ಧತಿಯಲ್ಲಿ ಆ ಪ್ರಶ್ನೆಯನ್ನು ಮನೆಯವರನ್ನು ಕೇಳುವುದನ್ನು ನಿಲ್ಲಿಸಿ, ಬಾಯಿ ತೆರೆಯಬಲ್ಲ ಪ್ರತಿ ರೋಗಿಯನ್ನೂ ನೇರವಾಗಿ ಕೇಳಿ. ನನ್ನ ತಮ್ಮನಿಂದಲೇ ಶುರುಮಾಡಿ.

ನಾನು ತಡವಾಗಿಯಾದರೂ ಅವನನ್ನು ಕೇಳಿದೆ. ಬಹಳ ಹೊತ್ತು ಹೊಲಿಗೆ ಯಂತ್ರದ ಚಕ್ರ ತಿರುಗಿಸುತ್ತ ಕೂತಿದ್ದು, ಆಮೇಲೆ ಹೇಳಿದ. ನಾನು ಅಂದುಕೊಂಡದ್ದಲ್ಲ. ಈ ಪತ್ರ ಓದುತ್ತ ನೀವು ಊಹಿಸಿರಬಹುದಾದದ್ದೂ ಅಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವನ ಪರವಾಗಿ ಒಮ್ಮೆ ಉತ್ತರಿಸಿದ್ದು ಸಾಕು. ಪತ್ರ ಅಚ್ಚಾಗಲಿ ಎಂಬುದಕ್ಕೆ ಮಾತ್ರ ಅವನ ಒಪ್ಪಿಗೆ ಪಡೆದಿದ್ದೇನೆ. "ಹೂಂ," ಎಂದ.

ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡು ಕೇಳಿ. ತಡೆದು ಹೇಳುತ್ತಾನೆ, ಕಾಯಿರಿ. ನಾನು ಒಳಗೆ ಬರುವುದಿಲ್ಲ.

ಇಂತಿ,
ಎರಡೂ ಎಡತೋಳಿನ ಅಂಗಿ ತೊಟ್ಟು
ನಿಮ್ಮ ಹೊರಗಿನ ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂತಿರಲಿರುವ
ಹೂಂ ಟೈಲರನ ಅಕ್ಕ